ಗುಜರಿ ಬೈಕ್ ಕಟ್ಟೋ ಹುಡುಗರನ್ನ ಬೈಯೋ ಮುಂಚೆ

ಈ ಸಲ ಬೆಳೆ ವಿಚಾರ ಅಲ್ಲ. ಆದ್ರೆ ಬೇಸಾಯಕ್ಕೆ ಸಂಬಂಧ ಇದೆ, ಪೂರ್ತಿ ಓದಿ.

ನಮ್ಮಣ್ಣನ ಮಗ ಎಂಟು ತಿಂಗಳಿಂದ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ಹಳೇ ಯೆಜ್ಡಿ ಒಂದನ್ನ ಬಿಚ್ಚಿ ಕಟ್ತಾ ಇದ್ದಾನೆ. ಟ್ಯಾಂಕ್ ಮೇಲೆ ತಾಮ್ರದ ಪಟ್ಟಿ, ಸಾಲಾಗಿ ರಿವೆಟ್ ತಲೆಗಳು, ಹೆಡ್‌ಲೈಟ್ ಸುತ್ತ ಹಿತ್ತಾಳೆ ಬಳೆ, ಸ್ಪೀಡೋಮೀಟರ್ ಪಕ್ಕ ನಮ್ಮ ಹಳೇ ಡ್ರಿಪ್ ಫಿಲ್ಟರ್‌ನಿಂದ ಕಳಚಿದ ಪ್ರೆಶರ್ ಮೀಟರ್. ಇದಕ್ಕೆ ಸ್ಟೀಮ್‌ಪಂಕ್ ಅಂತಾರಂತೆ. ಅಂದ್ರೆ ಗಾಡಿಗೆ ಉಗಿ ಯಂತ್ರದ ಕಾಲದ ರೂಪ ಕೊಡೋದು. ನೋಡಿದವರೆಲ್ಲ ಅಣ್ಣನಿಗೆ ಹೇಳೋದು ಒಂದೇ ಮಾತು: "ಗೌಡ್ರೇ, ಹುಡುಗ ಕೆಟ್ಟೋದ. ಆ ದುಡ್ಡಿಗೆ ಎರಡು ಕುರಿ ಕಟ್ಟಬಹುದಿತ್ತು." ನನ್ನ ಅಭಿಪ್ರಾಯ ಬೇರೆ.

ಮೊದಲು, ಇದು ಬರೀ ಸಿನಿಮಾ ಶೋಕಿ ಅಲ್ಲ. ಪೆಟ್ರೋಲ್ ಬೈಕ್ ಬರೋ ಮುಂಚೆ, 1860ರ ದಶಕದ ಕೊನೆಗೇ ಫ್ರಾನ್ಸ್ ಮತ್ತು ಅಮೆರಿಕದಲ್ಲಿ ಉಗಿಯಿಂದ ಓಡುವ ಎರಡು ಚಕ್ರದ ಗಾಡಿ ಕಟ್ಟಿದ್ರು. ಅಮೆರಿಕದ ಸಿಲ್ವೆಸ್ಟರ್ ರೋಪರ್ ಅನ್ನೋರು 1896ರಲ್ಲಿ ತಮ್ಮ 72ನೇ ವಯಸ್ಸಿನಲ್ಲಿ ತಾವೇ ಕಟ್ಟಿದ ಉಗಿ ಬೈಕ್ ಓಡಿಸ್ತಿರುವಾಗಲೇ ತೀರಿಕೊಂಡ್ರು. ಆ ಕಾಲದಲ್ಲಿ ಪ್ರೆಶರ್ ಮೀಟರ್ ಅಲಂಕಾರ ಅಲ್ಲ, ಬಾಯ್ಲರ್ ಸಿಡಿಯದಂಗೆ ನೋಡಿಕೊಳ್ಳೋ ಕಣ್ಣು. ಆ ರಿವೆಟ್, ಹಿತ್ತಾಳೆ ವಾಲ್ವ್ ಎಲ್ಲ ಹತ್ತಿರದಿಂದ ನೋಡಬೇಕು ಅಂದ್ರೆ ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ. ಹುಡುಗ ಅಲ್ಲಿಗೆ ಮೂರು ಸಲ ಹೋಗಿ ಬಂದಿದ್ದಾನೆ. ಅವನು ಕಟ್ತಿರೋ ಯೆಜ್ಡಿಯೂ ಅದೇ ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೀತು. ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್, ಕಿಕ್ಕರ್ರೇ ಗೇರ್ ಲಿವರ್ರು. ಓಡಿಸಿದವರಿಗೆ ಗೊತ್ತು.

ಈಗ ಬೇಸಾಯಕ್ಕೆ ಬರೋಣ. ನಮ್ಮ ಹೋಬಳಿಯಲ್ಲಿ ಲೇತ್ ಇಟ್ಟಿದ್ದ ಹಿರಿಯರು ಅಂಗಡಿ ಮುಚ್ಚಿ ಎರಡು ವರ್ಷ ಆಯ್ತು. ಮಗ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡ್ತಾನೆ. ಮನೆಮನೆಗೆ ಪವರ್ ವೀಡರ್, ಬ್ರಷ್ ಕಟರ್, ಟಿಲ್ಲರ್ ಬಂದಿವೆ, ರಿಪೇರಿ ಮಾಡೋ ಕೈ ಮಾತ್ರ ಕಮ್ಮಿ ಆಗ್ತಾ ಇದೆ. ಕಳೆ ತೆಗೆಯೋ ಹೊತ್ತಲ್ಲಿ ಮಿಷನ್ ನಾಲ್ಕು ದಿನ ನಿಂತ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಕಳೆದ ಮುಂಗಾರಲ್ಲಿ ನಮ್ಮ ಬ್ರಷ್ ಕಟರ್ ಸ್ಟಾರ್ಟೇ ಆಗಲಿಲ್ಲ. ಈ ಹುಡುಗ ಕಾರ್ಬುರೇಟರ್ ಬಿಚ್ಚಿ, ಜೆಟ್ ತೊಳೆದು, ಅರ್ಧ ಗಂಟೇಲಿ ಓಡಿಸಿದ. ಎಲ್ಲಿ ಕಲಿತೆ ಅಂದ್ರೆ, "ಚಿಕ್ಕಪ್ಪ, ಇದೂ ಯೆಜ್ಡಿ ತರಾನೇ ಟೂ ಸ್ಟ್ರೋಕು, ಪೆಟ್ರೋಲಿಗೆ ಆಯಿಲ್ ಬೆರೆಸೋದೇ ಅಲ್ವಾ" ಅಂದ. ತಾಮ್ರದ ಪಟ್ಟಿ ನೇರ ಕಬ್ಬಿಣಕ್ಕೆ ತಾಕಿ ನೀರು ಬಿದ್ರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ, ಅದಕ್ಕೆ ಮಧ್ಯ ರಬ್ಬರ್ ಹಾಕಿದೀನಿ ಅಂತಾನೂ ಅಂದ. ನಮ್ಮ ಬೋರ್‌ವೆಲ್ ಪೈಪಿಗೆ ಹಿತ್ತಾಳೆ ವಾಲ್ವ್ ಕೂರಿಸಿದ ಕಡೆಯೇ ಪೈಪ್ ಮೊದಲು ತಿನ್ನೋದು ಯಾಕೆ ಅಂತ ನನಗೆ ಅವತ್ತು ಅರ್ಥ ಆಯ್ತು. ಈ ಬುದ್ಧಿ ಸರ್ಟಿಫಿಕೇಟಲ್ಲಿ ಬರಲ್ಲ, ಕೈ ಮಸಿ ಆದ್ರೇ ಬರೋದು.

ಹಂಗಂತ ಹುಡುಗರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಕೆಲವು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ಒಂದು, ಫ್ರೇಮ್ ಕುಯ್ಯಬಾರದು. ವಿಡಿಯೋ ನೋಡಿ ನೀರಿನ ಜಿಐ ಪೈಪಲ್ಲಿ ಫ್ರೇಮ್ ಕಟ್ಟೋರಿದ್ದಾರೆ. ಆ ಪೈಪ್ ಮಾಡಿರೋದು ನೀರು ಹರಿಯೋಕೆ, ಗುಂಡಿ ರಸ್ತೇಲಿ ಇಬ್ಬರ ಭಾರ ಹೊರೋಕಲ್ಲ. ಅದನ್ನ ವೆಲ್ಡ್ ಮಾಡುವಾಗ ಏಳೋ ಸತುವಿನ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬರುತ್ತೆ.

ಎರಡು, ಪೆಟ್ರೋಲ್ ಟ್ಯಾಂಕಿಗೆ ಮನೇಲಿ ಬೆಂಕಿ ತೋರಿಸಲೇಬಾರದು. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆ ಉಳಿದ ಆವಿ ಬಾಂಬ್ ಥರ ಸಿಡಿಯುತ್ತೆ. ನಮ್ಮ ಹುಡುಗ ಪಟ್ಟಿಗಳನ್ನ ಅಂಟಿನಿಂದ ಕೂರಿಸಿದಾನೆ. ರಿವೆಟ್ ತಲೆಗಳು ಬರೀ ನೋಟಕ್ಕೆ, ಟ್ಯಾಂಕಿಗೆ ಒಂದು ತೂತೂ ಕೊರೆದಿಲ್ಲ.

ಮೂರು, ಬ್ರೇಕು, ಹ್ಯಾಂಡಲ್ಲು, ಸೈಲೆನ್ಸರ್ ಕಂಪನಿ ಕೊಟ್ಟಂಗೇ ಇರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರೋ ಹಂಗೆ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತ ಆದ್ರೆ ಇನ್ಶೂರೆನ್ಸಿನವರು ತಕರಾರು ತೆಗೆಯೋಕೂ ದಾರಿ ಆಗುತ್ತೆ. ಪೂರ್ತಿ ರೂಪ ಬದಲಾಯಿಸಲೇಬೇಕು ಅಂದ್ರೆ ಅದು ತೋಟದೊಳಗೆ ಓಡಲಿ, ಜಾತ್ರೇಲಿ ನಿಲ್ಲಿಸಿ ತೋರಿಸಲಿ. ಟಾರ್ ರಸ್ತೆಗೆ ಬೇಡ.

ನಾಲ್ಕು, ಸಾಲ ಮಾಡಿ ಕಟ್ಟಬಾರದು. ಕುರಿ ಲೆಕ್ಕ ಹೇಳೋರ ಮಾತಲ್ಲೂ ನ್ಯಾಯ ಇದೆ, ಈ ಬೈಕಿಂದ ಒಂದು ರೂಪಾಯಿ ಹುಟ್ಟಲ್ಲ. ನಮ್ಮ ಹುಡುಗ ಕೂಲಿ ದುಡ್ಡಲ್ಲಿ ತಿಂಗಳಿಗೆ ಒಂದೊಂದು ಸಾಮಾನು ತರ್ತಾನೆ, ಅದಕ್ಕೇ ಎಂಟು ತಿಂಗಳು ಹಿಡಿದಿದೆ. ಹಿಡಿಯಲಿ ಬಿಡಿ.

ನಾನು ಕೇಳೋದು ಇಷ್ಟೇ. ನಿಮ್ಮೂರಲ್ಲೂ ಇಂಥ ಒಬ್ಬ ಹುಡುಗ ಇದ್ರೆ ಅವನಿಗೆ ಶೆಡ್ಡಲ್ಲಿ ಒಂದು ಮೂಲೆ ಕೊಡಿ, ಜೊತೆಗೆ ನಿಮ್ಮ ಅಟ್ಟದ ಮೇಲೆ ಕೆಟ್ಟು ಬಿದ್ದಿರೋ ಸ್ಪ್ರೇಯರ್ರೋ ವೀಡರ್ರೋ ಇಳಿಸಿ ಕೊಡಿ. ರಿಪೇರಿ ಮಾಡಿಕೊಟ್ರೆ ಪಟ್ಟಣದ ಮೆಕ್ಯಾನಿಕ್‌ಗೆ ಕೊಡೋ ಕೂಲಿಯನ್ನೇ ಅವನ ಕೈಗೂ ಕೊಡಿ. ಬಿಟ್ಟಿ ಮಾಡಿಸಿಕೊಂಡ್ರೆ ಅವನೂ ಮುಂದಿನ ವರ್ಷ ಬೆಂಗಳೂರು ಬಸ್ ಹತ್ತುತಾನೆ.