ದ್ರಾಕ್ಷಿಗೆ ಮಂಡಳಿ, ಈಚಲಿಗೆ ಠಾಣೆ

ನಮ್ಮಜ್ಜ ದೇವದುರ್ಗದ ಕಡೆ ಈಚಲು ಮರ ಹತ್ತಿ ಸೇಂದಿ ಇಳಿಸುತ್ತಿದ್ದ. ನಾನು ಮರ ಹತ್ತಲಿಲ್ಲ, ಕುಡಿಯುವುದೂ ಇಲ್ಲ. ಆದರೂ ಕರ್ನಾಟಕದ ವೈನ್ ಉದ್ಯಮದ ಗುಣಗಾನ ಕೇಳಿದಾಗಲೆಲ್ಲ ಅಜ್ಜನ ಗಡಿಗೆ ನೆನಪಾಗಿ ಸಿಟ್ಟು ಬರುತ್ತದೆ.

2004ರಲ್ಲಿ ನಮ್ಮ ಕಡೆ ಸೇಂದಿ ನಿಷೇಧವಾಯಿತು. ಕರಾವಳಿಯಲ್ಲಿ ಉಳಿಯಿತು. 2007ರಲ್ಲಿ ಸಾರಾಯಿಯೂ ನಿಂತಿತು. ಅದೇ ವರ್ಷ ಇದೇ ರಾಜ್ಯ ವೈನ್ ನೀತಿ ತಂದು, ಆಮೇಲೆ ಮಂಡಳಿಯನ್ನೂ ಕಟ್ಟಿತು. ಎರಡೂ ಹುದುಗಿದ ರಸವೇ. ವೈನಿನಲ್ಲಿ ಮದ್ಯಸಾರ ಶೇ 12ರ ಆಸುಪಾಸು, ತಾಜಾ ಸೇಂದಿಯಲ್ಲಿ ಅದರ ಅರ್ಧವೂ ಇರದು. ಆದರೆ ದ್ರಾಕ್ಷಿಯ ರಸ ತೋಟಗಾರಿಕೆ ಇಲಾಖೆಗೆ ಹೋಯಿತು, ಈಚಲ ರಸ ಠಾಣೆಗೆ ಹೋಯಿತು.

‘ಸೇಂದಿಯಲ್ಲಿ ಕಲಬೆರಕೆ ಇತ್ತಲ್ಲ?’ ಎನ್ನುತ್ತೀರಿ. ಇತ್ತು. ಮರದ ರಸ ಒಂದೇ ದಿನಕ್ಕೆ ಹುಳಿಯಾಗುತ್ತದೆ. ಗಿರಾಕಿ ಹೆಚ್ಚಿದಂತೆ ಮರ ಹೆಚ್ಚುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ಸಿ.ಎಚ್. ಪೌಡರ್, ಅಂದರೆ ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟ್. ನಿಷೇಧದಿಂದ ಹೋದದ್ದು ಮರದ ಕಸುಬು, ಪುಡಿಯಲ್ಲ. ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಪುಡಿ ಸೇಂದಿ ಹಿಡಿದ ಸುದ್ದಿ ಯಾರಿಗೂ ಹೊಸತಲ್ಲ. ಈಗ ಸೇಂದಿಗೆ ಮರವೇ ಬೇಕಿಲ್ಲ! ಅದಕ್ಕೆ ಒಗ್ಗಿದ ಕೂಲಿಯವನಿಗೆ ಒಂದು ದಿನ ತಪ್ಪಿದರೆ ಕೈ ನಡುಗುತ್ತದೆ.

2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಣ್ಣುಮಕ್ಕಳಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಅವರ ಮುಂದೆ ‘ಸೇಂದಿ ನಮ್ಮ ಸಂಸ್ಕೃತಿ’ ಎನ್ನಲು ನನಗೆ ನಾಲಗೆ ಏಳದು. ಆದರೆ ಅವರು ಕೇಳಿದ್ದು ಬಾಟಲಿಯೂ ನಿಲ್ಲಲಿ ಎಂದು. ಸರ್ಕಾರ ಒಡೆದದ್ದು ಗಡಿಗೆಯನ್ನು ಮಾತ್ರ.

ಹಾಗಾದರೆ ಏನು ಮಾಡಬೇಕು? ಮೊದಲು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುಡಿಯ ಚಟ ಬಿಡಿಸುವ ಚಿಕಿತ್ಸೆ ಸಿಗಲಿ. ಆಮೇಲೆ ಕರಾವಳಿಯ ಮೂರ್ತೆದಾರರ ಸಂಘಗಳಂತೆ ಮರ ಹತ್ತುವವರ ಸಹಕಾರ ಸಂಘಕ್ಕೇ ಪರವಾನಗಿ ಕೊಡಲಿ. ನಡುವೆ ಗುತ್ತಿಗೆದಾರ ಬೇಡ. ಮರದ ಲೆಕ್ಕಕ್ಕೆ ತಕ್ಕಷ್ಟೇ ಮಾರಾಟ, ದಿನವೂ ಪರೀಕ್ಷೆ. ಬರೀ ಪರವಾನಗಿ ಸಾಲದು: ಸೇಂದಿಗೆ ಅನುಮತಿ ಇರುವ ತೆಲಂಗಾಣದಲ್ಲೇ, ಹೈದರಾಬಾದಿನ ಕೂಕಟಪಲ್ಲಿಯಲ್ಲಿ, 2025ರ ಜುಲೈಯಲ್ಲಿ ಕಲಬೆರಕೆ ಸೇಂದಿ ಜೀವ ತೆಗೆದಿದೆ.

ಇಷ್ಟು ಮಾಡಲು ಆಗದಿದ್ದರೆ ವೈನ್ ಮಂಡಳಿಗೂ ಬೀಗ ಹಾಕಿ. ಕುಡಿತ ಕೆಟ್ಟದ್ದಾದರೆ ಗಾಜಿನ ಲೋಟದಲ್ಲೂ ಕೆಟ್ಟದ್ದೇ.