ಅರ್ಜಿಯ ಗಡುವು ಪಿಯುಸಿ ಫಲಿತಾಂಶಕ್ಕೆ ಕಾಯುವುದಿಲ್ಲ



ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದಿಂದ ನಮ್ಮ ಮಠಗಳು ಹಳ್ಳಿಯ ಮಕ್ಕಳನ್ನು ಪದವಿಯವರೆಗೆ ತಂದು ನಿಲ್ಲಿಸಿವೆ. ಈಗ ಆ ಮಕ್ಕಳ ಕಣ್ಣು ಇನ್ನೂ ದೂರಕ್ಕೆ ಹೋಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಬಸವ ಜಯಂತಿಗೋ ಮನೆಗೋಷ್ಠಿಗೋ ಹೋದಾಗ ಪಿಯುಸಿ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ: “ಅಣ್ಣಾ, ಪಿಯುಸಿ ಮುಗಿದ ಮೇಲೆ ಫಾರಿನ್‌ಗೆ ಓದೋಕೆ ಅರ್ಜಿ ಹಾಕ್ಬೋದಾ?” ಹಾಕಬಹುದು. ಆದರೆ ಅವರಿಗೆ ದಾರಿ ಹೇಳಲು ಎದುರಾಗುವವರು ಹೆಚ್ಚಾಗಿ ಏಜೆಂಟರೇ. ಈ ಕೆಲಸವನ್ನು ಮಠಗಳು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇದು ನಮಗೆ ಹೊಸದೇನಲ್ಲ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟು ಹೋದರು. ಗೋಕಾಕ ಸೀಮೆಯ ಮಮದಾಪುರದಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದರು, ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದರು. ಹೋದವರು ತಂದದ್ದು ಊರಿಗೇ ದಕ್ಕಿತು.

ಮೊದಲ ತೊಡಕು ಕಾಲದ್ದು. ನಮ್ಮ ಮನೆಗಳಲ್ಲಿ ಮುಂದಿನ ಓದಿನ ಮಾತು ಶುರುವಾಗುವುದೇ ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ಅರ್ಜಿ ಜನವರಿಯ ಮೊದಲ ದಿನಗಳಲ್ಲೇ ಮುಗಿಯುತ್ತದೆ. ಬ್ರಿಟನ್ನಿನ ಮುಖ್ಯ ಗಡುವೂ ಜನವರಿಯಲ್ಲಿಯೇ. ಅಂದರೆ ನಮ್ಮ ಮಕ್ಕಳು ಪರೀಕ್ಷೆಗೆ ಕೂರುವ ಮೊದಲೇ ಬಾಗಿಲು ಹಾಕಿರುತ್ತದೆ. ಸಿದ್ಧತೆ ಪ್ರಥಮ ಪಿಯುಸಿಯಲ್ಲೇ ಆರಂಭವಾಗಬೇಕು.

ಎರಡನೆಯದು ಕಾಗದಪತ್ರ. ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್ ಇನಿಷಿಯಲ್ ಒಪ್ಪುವುದಿಲ್ಲ. ಎರಡು ಕಡೆ ಎರಡು ಹೆಸರಾದರೆ ಮುಂದೆ ಪ್ರತಿ ಹೆಜ್ಜೆಗೂ ಅಫಿಡವಿಟ್. ಇನ್ನು ಉಪನ್ಯಾಸಕರು ವಿದ್ಯಾರ್ಥಿಯ ಬಗ್ಗೆ ಇಂಗ್ಲಿಷಿನಲ್ಲಿ ಶಿಫಾರಸು ಪತ್ರ ಬರೆಯಬೇಕು. ನೂರಾರು ಮಕ್ಕಳಿಗೆ ಪಾಠ ಹೇಳುವ ಸರ್ಕಾರಿ ಕಾಲೇಜಿನ ಮೇಷ್ಟ್ರಿಗೆ ಅದರ ನಮೂನೆಯನ್ನಾದರೂ ಯಾರು ತೋರಿಸಿದ್ದಾರೆ?

ಮೂರನೆಯದು ಮಕ್ಕಳ ಕೀಳರಿಮೆ. “ನಮ್ಮತ್ರ ಬರೆಯೋಕೆ ಏನಿದೆ?” ಎನ್ನುತ್ತಾರೆ. ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಸಾಮಾನ್ಯ ಅರ್ಜಿಯಲ್ಲಿ ಪಾಠದಾಚೆಯ 10 ಚಟುವಟಿಕೆಗಳಿಗೆ ಜಾಗವಿದೆ. ಮನೆಯ ಜವಾಬ್ದಾರಿ, ಕೂಲಿ ಕೆಲಸವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಬೆಳಗ್ಗೆ ಐದಕ್ಕೆದ್ದು ಹಾಲು ಕರೆದು ಡೇರಿಗೆ ಹಾಕಿ ಕಾಲೇಜಿಗೆ ಬರುವ ಹುಡುಗಿಯ ಕಾಯಕವನ್ನು ನಾವೇ ಗೌರವಿಸದಿದ್ದರೆ ಅವಳು ಅದನ್ನು ಬರೆಯುವುದು ಹೇಗೆ? ಏಜೆಂಟರು ಬೇರೆಯವರ ಕಥೆಯನ್ನು ಅವಳ ಹೆಸರಿಗೆ ಬರೆದುಕೊಡುತ್ತಾರೆ. ಅದು ಕಾಯಕವಲ್ಲ, ಕಳವು.

ಹಣದ ವಿಚಾರದಲ್ಲಿ ನಿಷ್ಠುರವಾಗಿಯೇ ಹೇಳುತ್ತೇನೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿ ದಾಟಿದರೆ ಅಡಮಾನ ಬೇಕು. ಕಬ್ಬಿನ ಬಿಲ್ಲಿಗೆ ಕಾಯುವ ಪಾಂಡವಪುರದ ರೈತ, ಮಳೆ ನಂಬಿದ ನಾಗಮಂಗಲದ ರೈತ ಇದ್ದೊಂದು ಮನೆಯನ್ನು ಒತ್ತೆಯಿಟ್ಟು ಮಗನನ್ನು ಹೆಸರಿಲ್ಲದ ಕಾಲೇಜಿಗೆ ಕಳಿಸುವುದು ಬೇಡವೇ ಬೇಡ. ಅನೇಕ ವಿದೇಶಿ ವಿಶ್ವವಿದ್ಯಾಲಯಗಳು ಏಜೆಂಟರಿಗೆ ತಲೆಗಿಷ್ಟು ಕಮಿಷನ್ ಕೊಡುತ್ತವೆ. ಹಾಗಾಗಿ ಸಲಹೆ ಯಾವ ಕಡೆಗೆ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಕಲಿ ಪ್ರವೇಶಪತ್ರ ನಂಬಿ ಕೆನಡಾಕ್ಕೆ ಹೋದ ಪಂಜಾಬಿನ ಮಕ್ಕಳು 2023ರಲ್ಲಿ ಗಡಿಪಾರಿನ ಭಯದಲ್ಲಿ ಬೀದಿಗಿಳಿದದ್ದನ್ನು ನಾವು ನೋಡಿದ್ದೇವೆ.

ಏಜೆಂಟರು ಸಾಮಾನ್ಯವಾಗಿ ಹೇಳದ ದಾರಿಗಳೂ ಇವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್‌ಹರ್ಸ್ಟ್‌ನಂಥವು ಪ್ರವೇಶ ನಿರ್ಧರಿಸುವಾಗ ವಿದೇಶಿ ವಿದ್ಯಾರ್ಥಿಯ ಬಡತನವನ್ನು ನೋಡುವುದಿಲ್ಲ; ಆಯ್ಕೆಯಾದರೆ ಮನೆಯವರಿಗೆ ಭರಿಸಲಾಗದ ವೆಚ್ಚವನ್ನು ತಾವೇ ಹೊರುತ್ತವೆ. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ, ಆದರೆ ಪ್ರಯತ್ನಕ್ಕೆ ಮನೆ ಮಾರಬೇಕಿಲ್ಲ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬರೀ ಪಿಯುಸಿಯಿಂದ ಸಾಮಾನ್ಯವಾಗಿ ನೇರ ಪ್ರವೇಶ ಸಿಗದು, ಖರ್ಚಿಗೆ ಹಣವಿದೆ ಎಂದು ಮೊದಲೇ ತೋರಿಸಲೂಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ ವರ್ಷಕ್ಕೆ 11,904 ಯೂರೋಗೆ ಏರಿತು. ಇದು ಯಾವುದೂ ಒದಗದ ಮಕ್ಕಳು ಮೈಸೂರಿನಲ್ಲೋ ಮಂಡ್ಯದಲ್ಲೋ ಪದವಿ ಮುಗಿಸಿ, ಸ್ನಾತಕೋತ್ತರಕ್ಕೆ ಹೊರಗೆ ಹೋಗಲಿ. ಅದು ಸೋಲಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಪಾಂಡವಪುರ ಸೀಮೆಯಲ್ಲಿ ಬೇಬಿ ಮಠವಿದೆ, ಕೆ.ಆರ್. ಪೇಟೆ ಸೀಮೆಯಲ್ಲಿ ಕಾಪನಹಳ್ಳಿ ಗವಿಮಠವಿದೆ. ಇಂಥ ಮಠಗಳು ಸೇರಿ ತಿಂಗಳಿಗೊಂದು ಭಾನುವಾರ ಪ್ರಥಮ ಪಿಯುಸಿ ಮಕ್ಕಳನ್ನು ತಂದೆ ತಾಯಿಯರೊಂದಿಗೆ ಕೂರಿಸಲಿ. ವಿದೇಶದಲ್ಲಿರುವ ನಮ್ಮ ಶರಣರು ಫೋನಿನಲ್ಲೇ ಒಂದು ಗಂಟೆ ಮಾತಾಡಲಿ. ನಿವೃತ್ತ ಇಂಗ್ಲಿಷ್ ಮೇಷ್ಟ್ರು ಪತ್ರ ತಿದ್ದಿಕೊಡಲಿ. ಯಾರ ಜಾತಿಯನ್ನೂ ಕೇಳುವುದು ಬೇಡ. “ನೀನು ಹೆಣ್ಣುಮಗು, ಅಷ್ಟು ದೂರ ಯಾಕೆ” ಎನ್ನುವುದೂ ಬೇಡ. ಇದಕ್ಕೆ ಕಟ್ಟಡ ಬೇಕಿಲ್ಲ, ದೇಣಿಗೆ ಬೇಕಿಲ್ಲ. ಇದು ಅರಿವಿನ ದಾಸೋಹ.

2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ನಾವೆಲ್ಲ ಹಿಗ್ಗಿದೆವು. ಅಲ್ಲಿಗೆ ಹೋಗಿ ಓದುವ ಅರ್ಹತೆಯುಳ್ಳ ನಮ್ಮ ಹಳ್ಳಿಯ ಮಗುವಿಗೆ ಅರ್ಜಿಯ ಕೊನೆಯ ದಿನ ಯಾವುದೆಂದು ಹೇಳುವವರಿಲ್ಲದಿದ್ದರೆ ಆ ಹಿಗ್ಗು ಅರ್ಧವೇ.