ಬಾಯಿ ತೆರೆಯದ ರೋಗಿಯೂ ಹೊಸ ಉಪಕರಣಗಳೂ

ಶಸ್ತ್ರಚಿಕಿತ್ಸೆಯೆಂದೊಡನೆ ನಮ್ಮವರು ಸರ್ಜನರ ಹೆಸರನ್ನು ವಿಚಾರಿಸುತ್ತಾರೆ; ಅರಿವಳಿಕೆ ಕೊಡುವ ವೈದ್ಯರು ಯಾರೆಂದು ಕೇಳುವವರು ವಿರಳ. ಆದರೆ ಮದ್ದಿನ ಪ್ರಭಾವದಿಂದ ರೋಗಿಯು ಪ್ರಜ್ಞೆ ತಪ್ಪಿ, ಸ್ನಾಯುಗಳೆಲ್ಲ ಸಡಿಲಗೊಂಡು, ತಾನಾಗಿ ಉಸಿರಾಡಲಾರದ ಆ ಕೆಲವು ನಿಮಿಷಗಳಲ್ಲಿ ಅವನ ಪ್ರಾಣವಿರುವುದು ಈ ಎರಡನೆಯವರ ಕೈಯಲ್ಲಿ. ಅವರು ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆಯೊಂದನ್ನು ಇಳಿಸಬೇಕು. ಬಹುಮಂದಿಯಲ್ಲಿ ಇದು ಸಲೀಸಾಗಿ ನಡೆದುಹೋಗುತ್ತದೆ. ಕತ್ತು ಗಿಡ್ಡವಾಗಿರುವವರು, ಗಲ್ಲ ಒಳಸರಿದವರು, ಬಾಯಿ ಪೂರ್ತಿ ತೆರೆಯಲಾರದವರು, ಇಂಥವರಲ್ಲಿ ಅದೇ ಕೆಲಸ ಕಷ್ಟಸಾಧ್ಯವಾಗುತ್ತದೆ. ಅವರಿಗೆ ಯಾವ ಉಪಕರಣ ಮೇಲೆಂಬ ಚರ್ಚೆ ವೈದ್ಯರ ವಲಯದಲ್ಲಿ ಬಹುಕಾಲದಿಂದ ನಡೆದಿದೆ. ಹೋಟೆಲಿನ ಅಡಿಗೆಯವನಿಗೂ ಕಚೇರಿಯ ಗುಮಾಸ್ತನಿಗೂ ಇದರಿಂದೇನು ಎಂದು ವಾಚಕರು ಕೇಳಬಹುದು. ಇದೆ, ಅದನ್ನು ಮುಂದೆ ಹೇಳುತ್ತೇವೆ.

ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂತಾಷರು 1943ರಲ್ಲಿ ಪ್ರಕಟಿಸಿದ ಬಾಗಿದ ಅಲಗಿನ ಲ್ಯಾರಿಂಗೋಸ್ಕೋಪು ಇಂದಿಗೂ ಲೋಕದ ಆಸ್ಪತ್ರೆಗಳಲ್ಲೆಲ್ಲ ಬಳಕೆಯಲ್ಲಿದೆ. ನಾಲಿಗೆಯನ್ನು ಎತ್ತಿಹಿಡಿದು ವೈದ್ಯರು ತಮ್ಮ ಕಣ್ಣಿನಿಂದಲೇ ಧ್ವನಿತಂತುಗಳನ್ನು ಕಾಣಬೇಕು. ಕಣ್ಣಿಗೂ ಗಂಟಲಿಗೂ ನೇರ ಗೆರೆ ಕೂಡಿಬಾರದಿದ್ದರೆ ಕಾಣದು. 2001ರಲ್ಲಿ ಬಳಕೆಗೆ ಬಂದ, ಕೆನಡಾದ ಸರ್ಜನರಾದ ಜಾನ್ ಪೇಸಿಯವರು ರೂಪಿಸಿದ ಗ್ಲೈಡ್‌ಸ್ಕೋಪ್ ಈ ತೊಡಕಿಗೆ ಬೇರೊಂದು ದಾರಿ ತೋರಿತು. ಅಲಗಿನ ತುದಿಯಲ್ಲಿಯೇ ಪುಟ್ಟ ಕ್ಯಾಮೆರಾ. ಮೂಲೆಯ ಆಚೆಗಿನ ನೋಟ ಪರದೆಯ ಮೇಲೆ. ಕಾಕ್ರೇನ್ ಸಂಸ್ಥೆಯು 222 ಅಧ್ಯಯನಗಳನ್ನೂ 26,149 ಮಂದಿಯನ್ನೂ ಒಳಗೊಂಡು 2022ರಲ್ಲಿ ಪ್ರಕಟಿಸಿದ ವಿಮರ್ಶೆಯು, ಕ್ಯಾಮೆರಾದ ಲ್ಯಾರಿಂಗೋಸ್ಕೋಪಿನಿಂದ ಕೊಳವೆ ಇಳಿಸುವ ಯತ್ನ ವಿಫಲವಾಗುವ ಸಂಭವ ಕಡಿಮೆಯಾಗುತ್ತದೆಂದು ಕಂಡುಕೊಂಡಿತು. ಹೊಸದು ಮೇಲೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಕಂಡ ಮಾತ್ರಕ್ಕೆ ಕೊಳವೆ ಹೊಕ್ಕಿತೆಂದಲ್ಲ. ಬಹಳ ಬಾಗಿದ ಅಲಗಿನಲ್ಲಿ ನೋಟ ಚೆನ್ನಾಗಿದ್ದರೂ ಕೊಳವೆಯನ್ನು ಆ ತಿರುವಿನಲ್ಲಿ ಸಾಗಿಸಲು ಒಳಗೊಂದು ಗಟ್ಟಿ ತಂತಿಯೂ ಕೈಪಳಗಿಕೆಯೂ ಬೇಕು. ರಕ್ತ, ಜೊಲ್ಲು ಕ್ಯಾಮೆರಾವನ್ನು ಮುಸುಕಿದರೆ ಪರದೆ ಕುರುಡು. ಬಾಯಿಯೇ ತೆರೆಯದಿದ್ದರಂತೂ ಯಾವ ಅಲಗಿಗೂ ಎಡೆಯಿಲ್ಲ. ಅಲ್ಲಿ ನೆರವಿಗೆ ಬರುವುದು ಬಳುಕುವ ಫೈಬರ್ ದುರ್ಬೀನು. 1967ರಲ್ಲಿ ಇಂಗ್ಲೆಂಡಿನ ಪೀಟರ್ ಮರ್ಫಿಯವರು ಪಿತ್ತನಾಳವನ್ನು ನೋಡಲೆಂದು ಮಾಡಿದ ದುರ್ಬೀನನ್ನು ಮೂಗಿನ ಮೂಲಕ ಕೊಳವೆ ಇಳಿಸಲು ಬಳಸಿದಂದಿನಿಂದ ಈ ವಿಧಾನ ಬೆಳೆದುಬಂದಿದೆ. ರೋಗಿ ಎಚ್ಚರವಿರುವಾಗಲೇ, ಮೂಗು ಗಂಟಲುಗಳನ್ನು ಮರಗಟ್ಟಿಸಿ, ಅವನು ತಾನೇ ಉಸಿರಾಡುತ್ತಿರುವಂತೆಯೇ ಇದನ್ನು ನಡೆಸಬಹುದು. ಇನ್ನು ಬೂಜಿ ಎಂಬ ಬಳುಕುವ ಕಡ್ಡಿಯೊಂದಿದೆ. 1949ರಷ್ಟು ಹಿಂದೆ ಮ್ಯಾಕಿಂತಾಷರೇ ಅದರ ಉಪಯೋಗವನ್ನು ತಿಳಿಸಿದ್ದರು. ಇವೆಲ್ಲವುಗಳ ಪೈಕಿ ಅತ್ಯಂತ ಅಗ್ಗದ್ದು ಅದೇ. ದೊಡ್ಡ ಯಂತ್ರ ಕೊಂಡು, ಅದರ ಚಿತ್ರವನ್ನು ಗೋಡೆಗೆ ತೂಗುಹಾಕಿ, ಈ ಕಡ್ಡಿಯನ್ನು ಇಡಲು ಮರೆಯುವ ಆಸ್ಪತ್ರೆಯನ್ನು ನಾವು ಮೆಚ್ಚಲಾರೆವು.

2005ರಲ್ಲಿ ಇಂಗ್ಲೆಂಡಿನಲ್ಲಿ ಮೂಗಿನ ಸಣ್ಣ ಶಸ್ತ್ರಚಿಕಿತ್ಸೆಗೆಂದು ಬಂದ ಮಹಿಳೆಯೊಬ್ಬಳಿಗೆ ಅರಿವಳಿಕೆಯಾದ ಮೇಲೆ ಉಸಿರಿನ ದಾರಿ ದೊರೆಯಲಿಲ್ಲ. ಅನುಭವಿ ವೈದ್ಯರು ಅಲ್ಲಿದ್ದರು, ಉಪಕರಣಗಳಿದ್ದವು, ಕತ್ತಿನ ಮುಂಭಾಗದಲ್ಲಿ ಶ್ವಾಸನಾಳವನ್ನು ತೆರೆಯುವ ಸಾಮಗ್ರಿ ಸಿದ್ಧವಿದೆಯೆಂದು ನರ್ಸೊಬ್ಬರು ತಿಳಿಸಿಯೂ ಇದ್ದರು. ವೈದ್ಯರು ಮಾತ್ರ ಕೊಳವೆ ಇಳಿಸುವ ಯತ್ನದಲ್ಲಿಯೇ ಮುಳುಗಿಹೋದರು. ಹದಿಮೂರು ದಿನಗಳ ತರುವಾಯ ಆಕೆ ತೀರಿಕೊಂಡಳು. ಆ ಮಹಿಳೆಯ ಪತಿ ವಿಮಾನ ಚಾಲಕ. ವಿಮಾನದ ಕೋಣೆಯಲ್ಲಿ ಕಿರಿಯನು ಹಿರಿಯನನ್ನು ತಡೆದು ಮಾತಾಡಬಲ್ಲ ಶಿಸ್ತು ಆಸ್ಪತ್ರೆಗೂ ಬರಲೆಂದು ಅವರು ಅಂದಿನಿಂದ ಶ್ರಮಿಸುತ್ತ ಬಂದಿದ್ದಾರೆ. ಬ್ರಿಟನ್ನಿನ 2015ರ ಮಾರ್ಗಸೂಚಿಯೂ, ನಮ್ಮ ದೇಶದ ತಜ್ಞರ ಸಂಘದ 2016ರ ಮಾರ್ಗಸೂಚಿಯೂ ಯತ್ನಗಳಿಗೆ ಮಿತಿ ಹಾಕಿವೆ. ಯಾವ ಉಪಕರಣ ಎಂಬುದಕ್ಕಿಂತ ಮೊದಲನೆಯದು ಸೋತರೆ ಎರಡನೆಯದೇನು ಎಂಬುದು ನಮಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಈಗ ನಮ್ಮವರ ವಿಷಯ. ರಾತ್ರಿಯ ಪಾಳಿಯಲ್ಲಿ ಕಣ್ಣೆಳೆಯದಿರಲೆಂದು ಗುಟ್ಕಾ, ಊಟವಾದ ಮೇಲೆ ಕವಳ, ಲೆಕ್ಕ ಬರೆಯುತ್ತ ಬಾಯಲ್ಲೊಂದು ಅಡಿಕೆ ಹೋಳು. ವರ್ಷಗಟ್ಟಲೆ ಅಡಿಕೆ ಅಗಿದವರ ಕೆನ್ನೆಯ ಒಳಪದರ ಗಡುಸಾಗಿ ನಾರಿನಂತಾಗಿ ಬಾಯಿ ಕ್ರಮೇಣ ಮುಚ್ಚುತ್ತ ಬರುತ್ತದೆ. ಅಡಿಕೆಯ ಬೆಳೆಯಿಂದಲೇ ಓದು ಕಂಡ ನಮ್ಮಲ್ಲನೇಕರಿಗೆ ಈ ಮಾತು ಕಹಿಯೆನಿಸೀತು. ಆದರೂ ಹೇಳದೆ ವಿಧಿಯಿಲ್ಲ. ಮಹಾರಾಷ್ಟ್ರವು 2012ರಲ್ಲಿಯೂ ಕರ್ನಾಟಕವು 2013ರಲ್ಲಿಯೂ ಗುಟ್ಕಾವನ್ನು ನಿಷೇಧಿಸಿದವು. ನಿಷೇಧದ ಆದೇಶವು ಮುಚ್ಚಿದ ಬಾಯಿಯನ್ನು ತೆರೆಯಲಾರದು. ತನ್ನ ಬಾಯಲ್ಲಿ ತನ್ನ ಮೂರು ಬೆರಳುಗಳನ್ನು ನಿಲುವಾಗಿ ಇಡಲಾಗದವನು ವೈದ್ಯರಿಗೆ ಆ ಸಂಗತಿಯನ್ನು ಮುಂಚಿತವಾಗಿಯೇ ಹೇಳಬೇಕು. ಬಾಯಿ ತೆರೆದು ನಾಲಿಗೆ ಚಾಚಿರೆಂದು ವೈದ್ಯರು ಕೇಳಿದಾಗ ನಾಚುವವರಿದ್ದಾರೆ. ಆ ಪರೀಕ್ಷೆಯನ್ನು 1985ರಲ್ಲಿ ಲೋಕಕ್ಕೆ ಕೊಟ್ಟವರು ಆಂಧ್ರದಿಂದ ಅಮೆರಿಕಕ್ಕೆ ಹೋದ ಶೇಷಗಿರಿರಾವ್ ಮಲ್ಲಂಪಾಟಿಯವರು.

ನಮ್ಮ ಕೆಲಸಗಾರರದು ಇನ್ನೊಂದು ತೊಂದರೆ. ಇಂದು ದಾದರಿನ ಹೋಟೆಲು, ಬರುವ ವರ್ಷ ಪುಣೆ, ಆಮೇಲೆ ಊರು. ಒಂದು ಆಸ್ಪತ್ರೆಯಲ್ಲಿ ಕೊಳವೆ ಇಳಿಸಲು ವೈದ್ಯರು ಪಟ್ಟ ಪಾಡು ಮುಂದಿನ ಆಸ್ಪತ್ರೆಗೆ ತಿಳಿಯುವ ಬಗೆಯಿಲ್ಲ. ಪ್ರಜ್ಞೆಯಿಲ್ಲದೆ ಮಲಗಿದ್ದ ರೋಗಿಗಂತೂ ತಿಳಿಯದು. ಆದುದರಿಂದ ಕಷ್ಟವೇನಾಯಿತು, ಯಾವ ಉಪಕರಣದಿಂದ ನೀಗಿತು ಎಂಬುದನ್ನು ಬರೆದು ರೋಗಿಯ ಕೈಗೆ ಕೊಡುವುದನ್ನು ಆಸ್ಪತ್ರೆಗಳು ಕರ್ತವ್ಯವೆಂದು ಭಾವಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಅದರ ಸಾರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಎರಡು ಸಾಲು ಬರೆದರೆ ಇನ್ನೂ ಲೇಸು. ಹೋಟೆಲಿನ ಮಾಲಿಕರು ತಮ್ಮ ಹುಡುಗನನ್ನು ಆಸ್ಪತ್ರೆಗೆ ಸೇರಿಸುವಾಗ ಹಣದೊಂದಿಗೆ ಅವನ ಮಾತನ್ನು ವೈದ್ಯರಿಗೆ ತಿಳಿಹೇಳಬಲ್ಲ ಒಬ್ಬನನ್ನೂ ಕಳುಹಿಸಲಿ. ಬಿಡುಗಡೆಯ ದಿನ ಆ ಚೀಟಿಯನ್ನು ಕೇಳಿ ಪಡೆದು, ರೇಷನ್ ಕಾರ್ಡಿನೊಡನೆ ಟ್ರಂಕಿನಲ್ಲಿಟ್ಟು, ಅದರ ನಕಲನ್ನು ಊರಿನ ಮನೆಗೂ ಕಳುಹಿಸಿಡತಕ್ಕದ್ದು.